ಜ್ವರ ಬಿಟ್ಟಿತು, ಮೂಗು ಬರಲಿಲ್ಲ

ಚೆಂಬೂರಿನ ನಮ್ಮ ಕಾಲನಿಯಲ್ಲಿ ನನ್ನ ಮೂಗಿನ ಬಗ್ಗೆ ಒಂದು ಮಾತಿತ್ತು. ಯಾರ ಮನೆಯ ಹಾಲು ಉಕ್ಕುವುದರಲ್ಲಿದೆ, ಯಾರ ಮನೆಯ ಬೇಳೆ ಸೀಯುವುದರಲ್ಲಿದೆ ಅಂತ ಜಲಜಕ್ಕ ಮೆಟ್ಟಿಲು ಹತ್ತುವಾಗಲೇ ಹೇಳುತ್ತಾಳೆ ಅಂತ. ಅರ್ಧ ಸುಳ್ಳು. ಆದರೆ ನಾನು ಯಾವತ್ತೂ ಅದನ್ನು ತಿದ್ದಲಿಕ್ಕೆ ಹೋಗಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ನನ್ನ ಕೆಲಸವೂ ಹಾಗೆಯೇ. ತವರು ಉಡುಪಿಯ ಹತ್ತಿರ, ಮದುವೆಯಾದ ಮೇಲೆ ಮುಂಬಯಿಯೇ ಊರು. ನಮ್ಮವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಜೀವಮಾನ ಕಳೆದು ಈಗ ಮನೆಯಲ್ಲಿದ್ದಾರೆ. ಒಬ್ಬಳೇ ಮಗಳು ಅನು, ಆಫೀಸಿಗೆ ಹೋಗುತ್ತಾಳೆ. ನಾನು ನಮ್ಮ ಕಡೆಯವರ ಮನೆಗಳಲ್ಲಿ ಮಡಿ ಅಡುಗೆ ಮಾಡುತ್ತೇನೆ. ಪೂಜೆ, ವ್ರತ, ಹೆಚ್ಚಾಗಿ ಶ್ರಾದ್ಧ. ಮಡಿ ಅಡುಗೆಯಲ್ಲಿ ರುಚಿ ನೋಡುವ ಹಾಗಿಲ್ಲ. ದೇವರಿಗೋ ಪಿತೃಗಳಿಗೋ ಅರ್ಪಿಸುವ ಮೊದಲು ಒಂದು ಹನಿ ನಾಲಿಗೆಗೆ ತಾಗಿದರೂ ಅದು ಎಂಜಲು. ಹಾಗಾಗಿ ಉಪ್ಪು ಕೈ ಅಳತೆ, ಉಳಿದದ್ದೆಲ್ಲ ಮೂಗು. ಮಸಾಲೆಯ ಹಸಿ ವಾಸನೆ ಹೋಯಿತೋ, ಬೆಲ್ಲ ಹದಕ್ಕೆ ಬಂತೋ, ಪಾಯಸ ತಳ ಹಿಡಿಯುತ್ತಿದೆಯೋ, ಎಲ್ಲವನ್ನೂ ಮೂಗೇ ಹೇಳಬೇಕು. ನನ್ನದು ಹೇಳುತ್ತಿತ್ತು.

ಮಳೆಗಾಲದಲ್ಲಿ ನನಗೆ ಜ್ವರ ಬಂತು. ಕಾಲನಿಯಲ್ಲಿ ಎಲ್ಲರಿಗೂ ಬರುತ್ತಿತ್ತು, ನನಗೂ ಬಂತು. ಮೈಕೈ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಮರುದಿನ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಅಡುಗೆ ಒಪ್ಪಿಕೊಂಡಿದ್ದೆ. ಕಾಳುಮೆಣಸಿನ ಕಷಾಯ ಕುಡಿದೆ, ಒಂದು ಮಾತ್ರೆ ನುಂಗಿದೆ, ಬೆಳಿಗ್ಗೆ ಎದ್ದು ಮಡಿಗೆಂದು ತಣ್ಣೀರಲ್ಲಿ ತಲೆಗೆ ಮಿಂದು ಹೊರಟೆ. ಜ್ವರದಲ್ಲಿ ತಣ್ಣೀರು! ಗೀಸರ್ ಇರಲಿಲ್ಲ ಅಂತಲ್ಲ. ಅಷ್ಟು ವರ್ಷ ನಡೆಸಿದ ಕ್ರಮವನ್ನು ಒಂದು ಶೀತಕ್ಕೆ ಹೆದರಿ ಬಿಡುವುದಾ ಅಂತ ಜಂಬ.

"ಹೋಗ್ಬೇಡ ಮಾರಾಯ್ತಿ, ಬೇರೆ ಯಾರಾದ್ರೂ ಮಾಡ್ತಾರೆ" ಅಂದರು ನಮ್ಮವರು.

"ಬೇರೆಯವರು ಮಾಡಿದ್ರೆ ಅದು ಅಡುಗೆಯಾ?" ಅಂದೆ.

"ಸರಿ, ಮೂಗಿರುವ ತನಕ ನೆಗಡಿ ತಪ್ಪಿದ್ದಲ್ಲ" ಅಂತ ಗಾದೆ ಹೇಳಿ ಪೇಪರು ಬಿಡಿಸಿಕೊಂಡರು.

ಆ ಗಾದೆ ಈಗ ನೆನಪಾದರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಆಮೇಲೆ ಜ್ವರ ಬಿಟ್ಟ ಹಾಗೆ ಆಯಿತು, ನಾನು ಗೆದ್ದೆ ಅಂದುಕೊಂಡೆ. ಮತ್ತೆ ಬಂತು. ಈ ಸಲ ಕೆಮ್ಮಿದರೆ ಬಲಪಕ್ಕೆಯಲ್ಲಿ ಚುಚ್ಚುತ್ತಿತ್ತು, ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಏದುಸಿರು. ನನಗೆ ಸಕ್ಕರೆ ಕಾಯಿಲೆ ಬೇರೆ ಉಂಟು. ಒಂದು ಬೆಳಿಗ್ಗೆ ಅನು ನನ್ನ ತುಟಿ ನೋಡಿದಳು. "ಅಮ್ಮಾ, ನಿನ್ನ ಲಿಪ್ಸ್ ಬ್ಲೂ ಆಗಿದೆ. ಚಲ್, ಈಗಲೇ" ಅಂತ ಆಫೀಸಿಗೆ ರಜೆ ಹೇಳಿ ರಿಕ್ಷಾ ಕರೆಸಿದಳು. ನಾನು ಸೀರೆ ಬದಲಿಸುತ್ತೇನೆ ಅಂದೆ. ನೈಟಿಯ ಮೇಲೇ ಒಂದು ಶಾಲು ಹೊದೆಸಿ ಕೂರಿಸಿದಳು. ಮೂವತ್ತು ವರ್ಷ ಈ ಕಾಲನಿಯ ಗೇಟನ್ನು ನಾನು ಸೀರೆಯಲ್ಲದೆ ದಾಟಿದವಳಲ್ಲ. ಉಸಿರು ಸಿಗದಿದ್ದರೂ ವಾಚ್‌ಮನ್ ನೋಡಿದನಾ ಅಂತ ನೋಡಿದೆ.

ಆಸ್ಪತ್ರೆಯ ಹೊರಗಿನ ಬೆಂಚುಗಳು ತುಂಬಿದ್ದವು. ನನಗೆ ಕೆಮ್ಮು ಹತ್ತಿದರೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಎದ್ದು ಹೋದಳು, ಗೋಡೆಗೆ ಒರಗಿ ನಿಂತಳು, ಆದರೆ ನನ್ನ ಹತ್ತಿರ ಕೂರಲಿಲ್ಲ. ಅವಳದೇನೂ ತಪ್ಪಿಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಜೀವಮಾನವಿಡೀ "ಮುಟ್ಟಬೇಡಿ, ದೂರ ನಿಲ್ಲಿ" ಅಂತ ಮಡಿ ಸೀರೆಯಲ್ಲಿ ನಿಂತು ಬೇರೆಯವರಿಗೆ ಹೇಳಿದವಳು ನಾನು. ಜನ ನನ್ನಿಂದ ದೂರ ಸರಿಯುವುದನ್ನು ಕಂಡದ್ದು ಅದೇ ಮೊದಲು.

ಎಕ್ಸ್‌ರೇ ನೋಡಿದ ಡಾಕ್ಟರ್ ಚಿಕ್ಕ ಪ್ರಾಯದ ಮರಾಠಿ ಹುಡುಗಿ. ಫ್ಲೂ ಎದೆಗೆ ಇಳಿದು ನ್ಯುಮೋನಿಯಾ ಆಗಿದೆ, ಆಕ್ಸಿಜನ್ ಕಡಿಮೆ ಇದೆ, ಅಡ್ಮಿಟ್ ಆಗಲೇಬೇಕು ಅಂದಳು. ಮತ್ತೆ ಹಿಂದಿಯಲ್ಲಿ, "ಆಂಟಿ, ಇಷ್ಟು ದಿನ ಮನೆಯಲ್ಲಿ ಏನು ಮಾಡುತ್ತಿದ್ದಿರಿ?" ಅಂತ ಕೇಳಿದಳು. ಕಷಾಯ ಕುಡಿಯುತ್ತಿದ್ದೆ ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಅನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ವಾರ್ಡಿನ ದಿನಗಳು ಒಂದಕ್ಕೊಂದು ಕಲಸಿಹೋಗಿವೆ. ಮುಖಕ್ಕೆ ಮಾಸ್ಕು, ಕೈಗೆ ಸೂಜಿ, ಮೇಲೆ ಕಿರಗುಟ್ಟುವ ಫ್ಯಾನು. ಸತ್ತುಹೋಗುತ್ತೇನೆ ಅಂತ ಹೆದರಿಕೆ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು ಇತ್ತು. ಏಳುವ ಹಾಗಿಲ್ಲ, ಎದ್ದರೆ ಉಸಿರು ನಿಂತೇಹೋಗುತ್ತದೆ. ಒಂದು ಮಧ್ಯಾಹ್ನ ಅನು ಔಷಧಿಗೆಂದು ಕೆಳಗೆ ಹೋಗಿದ್ದಳು. ಆಯಾ ಕರೆದರೂ ಬರಲಿಲ್ಲ. ತಡೆದುಕೊಳ್ಳಲಿಕ್ಕೆ ಆಗದೆ ನಾನು ಮಂಚದಲ್ಲೇ ಒದ್ದೆ ಮಾಡಿಕೊಂಡೆ.

ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಇದ್ದರು. ಅವರ ಮಗಳು ಶಮ್ಶಾದ್ ಅಂತ, ವಿಜಯಪುರದ ಕಡೆಯವಳು, ಬೈಕುಲ್ಲಾದಲ್ಲಿ ಹೊಲಿಗೆ ಕೆಲಸ. ಅವಳು ನನ್ನ ಮುಖ ನೋಡಿದ್ದೇ ಎದ್ದು ಬಂದು ಪರದೆ ಎಳೆದಳು.

"ಬೇಡ, ಬೇಡ, ಮಗಳು ಬರ್ತಾಳೆ" ಅಂದೆ.

"ಬರೂತನಕಾ ಹಸೀದ್ರಾಗ ಮಲಗ್ತೀರೇನು? ಸುಮ್ನ ಇರ್ರಿ ಯವ್ವಾ. ನಮ್ಮ ಅವ್ವಗ ಮಾಡಂಗಿಲ್ಲೇನು ನಾ? ನಾಚಿಕಿ ಮನ್ಯಾಗ ಇಟ್ಟು ಬರಬೇಕ್ರಿ ದವಾಖಾನಿಗೆ" ಅಂದಳು.

ನನ್ನನ್ನು ಒರೆಸಿ, ಬಟ್ಟೆ ಬದಲಿಸಿ, ಜಡೆ ಬಿಚ್ಚಿ ತಲೆ ಬಾಚಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮಡಿಯಲ್ಲಿರುವಾಗ ಸ್ವಂತ ಮಗಳು ಸೆರಗು ಮುಟ್ಟಿದರೂ ರೇಗುತ್ತಿದ್ದವಳ ಮೈಯನ್ನು ಹೆಸರು ಮಾತ್ರ ಗೊತ್ತಿದ್ದ ಒಬ್ಬಳು ಮಗುವಿನ ಮೈಯ ಹಾಗೆ ತಿರುಗಿಸಿ ಮಗ್ಗುಲು ಮಾಡಿದಳು. ಥ್ಯಾಂಕ್ಸ್ ಕೂಡ ನಾನು ಸಂಜೆಯ ತನಕ ಹೇಳಲಿಲ್ಲ. ಅವಳು ಅದನ್ನು ಕಾಯುತ್ತಲೂ ಇರಲಿಲ್ಲ.

ನನ್ನ ಮೂಗಿನ ವಿಷಯ ತಿಳಿದದ್ದೂ ಅವಳಿಂದಲೇ. ಒಂದು ದಿನ ನೆಲ ಒರೆಸುವವರು ಬಂದು ಹೋದ ಮೇಲೆ ಅವಳು ದುಪಟ್ಟಾ ಮೂಗಿಗೆ ಒತ್ತಿಕೊಂಡು, "ಏನ್ ಫಿನಾಯಿಲ್ ಸುರದಾರ್ರೀ ಇವ್ರು, ವಾಸನಿಗೆ ತಲಿ ಗಿರ್ರ್ ಅನ್ನಾಕತ್ತೈತಿ" ಅಂದಳು. ಆಗ ನನಗೆ ಹೊಳೆಯಿತು. ಆಸ್ಪತ್ರೆಗೆ ಬಂದಾಗಿನಿಂದ ಫಿನಾಯಿಲ್ ವಾಸನೆಯೇ ಬಂದಿಲ್ಲ. ಔಷಧಿಯ ವಾಸನೆಯಿಲ್ಲ, ಊಟದ್ದಿಲ್ಲ, ನನ್ನ ಮೈಯದ್ದೂ ಇಲ್ಲ. ಮಾಸ್ಕು ಸರಿಸಿ ಜೋರಾಗಿ ಉಸಿರೆಳೆದೆ. ಬರೀ ಗಾಳಿ ಬಂತು.

ಬಿಡುಗಡೆಯ ದಿನ ಅನು ಬಿಲ್ಲಿನ ಕಿಟಕಿಯ ಹತ್ತಿರ ಇದ್ದಾಗ ಆ ಡಾಕ್ಟರ್ ಹುಡುಗಿಯನ್ನು ಮೆಲ್ಲನೆ ಕೇಳಿದೆ. ಇಂಥ ಜ್ವರದ ನಂತರ ಕೆಲವರಿಗೆ ಹೀಗಾಗುತ್ತದೆ, ತಿಂಗಳುಗಳಲ್ಲಿ ಬರಬಹುದು, ಅರ್ಧ ಬರಬಹುದು, ಕೆಲವರಿಗೆ ಬರುವುದೂ ಇಲ್ಲ, ಕಾಯಬೇಕು ಅಂದಳು. ಉಸಿರಾಟ ನಿಧಾನಕ್ಕೆ ಸರಿಹೋಗುತ್ತದೆ, ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ಸಕ್ಕರೆ ಇದೆಯಲ್ಲ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ತಪ್ಪಿಸಬೇಡಿ ಅಂತಲೂ ಹೇಳಿದಳು. ನಾನು ತಲೆಯಾಡಿಸಿದೆ. ಶ್ವಾಸಕೋಶದ ಬಗ್ಗೆ ಅವಳು ಹೇಳಿದ್ದೆಲ್ಲವನ್ನೂ ಮನೆಯಲ್ಲಿ ಹೇಳಿದೆ, ಮೂಗಿನ ಬಗ್ಗೆ ಒಂದು ಅಕ್ಷರ ಹೇಳಲಿಲ್ಲ.

ಯಾಕೆ ಅಂತ ನೀವು ಕೇಳಬಹುದು. ಮೂಗಿಲ್ಲದ ಮಡಿ ಅಡುಗೆಯವಳು ಅಂದರೆ ಕಣ್ಣಿಲ್ಲದ ದರ್ಜಿಯ ಹಾಗೆ. ಆಸ್ಪತ್ರೆಯಿಂದ ಬಂದ ಸುದ್ದಿ ಕೇಳಿ ನೋಡಲಿಕ್ಕೆ ಬಂದವರೆಲ್ಲ "ಪಿತೃಪಕ್ಷಕ್ಕೆ ಸುಧಾರಿಸ್ಕೊಳ್ಳಿ ಜಲಜಕ್ಕ, ನೀವಿಲ್ಲದೆ ಆಗುದಿಲ್ಲ" ಅನ್ನುತ್ತಿದ್ದರು. ಆ ಹದಿನೈದು ದಿನ ನನ್ನನ್ನು ಕರೆಯಲಿಕ್ಕೆ ಜನ ಮೊದಲೇ ಸಾಲು ಹಿಡಿಯುತ್ತಾರೆ. ಹೇಳಿಬಿಟ್ಟರೆ ಆ ಕರೆಗಳು ನಿಲ್ಲುತ್ತವೆ, ಅವು ನಿಂತರೆ ನಾನು ಯಾರು? ಉಸಿರಾಡಲಿಕ್ಕೆ ಕಷ್ಟಪಡುವ ಒಬ್ಬಳು ಹೆಂಗಸು, ಅಷ್ಟೇ.

ಮನೆಯಲ್ಲಿ ನಾಟಕ ಶುರುವಾಯಿತು. ಅನು ಒಂದು ದಿನ ಖಿಚಡಿ ಮಾಡಿ ತಟ್ಟೆಗೆ ಹಾಕಿ ಹೇಗಿದೆ ಅಂತ ಕೇಳಿದಳು. ನಾನು ಮೂಗು ಅರಳಿಸಿ, "ತುಪ್ಪದ ಘಮ ಚೆನ್ನಾಗಿ ಬಂದಿದೆ" ಅಂದೆ.

"ತುಪ್ಪ ಖತಮ್ ಆಗಿದೆ ಅಮ್ಮಾ. ನಾನು ಎಣ್ಣೆ ಹಾಕಿದ್ದು."

"ಜ್ವರದ ಬಾಯಿ ಅಲ್ವಾ" ಅಂತ ತಪ್ಪಿಸಿಕೊಂಡೆ. ಅವಳು ನನ್ನನ್ನೇ ನೋಡಿದಳು. ನಮ್ಮವರು ಎರಡನೇ ಸಲ ಹಾಕಿಸಿಕೊಂಡರು.

ಅಷ್ಟರಲ್ಲಿ ಪಕ್ಕದ ಕಾಲನಿಯ ರಾಯರ ಫೋನ್ ಬಂತು. ಅವರ ತಾಯಿಯ ತಿಥಿಗೆ ಮೊದಲಿಂದಲೂ ನನ್ನದೇ ಅಡುಗೆ. "ನಿಮಗೆ ಆಗ್ತದೆ ಅಂತಾದ್ರೆ ಮಾತ್ರ ಜಲಜಕ್ಕ, ಬಲವಂತ ಇಲ್ಲ" ಅಂದರು. ಅವರ ಮಾತು ಮುಗಿಯುವ ಮೊದಲೇ ಆಗುತ್ತದೆ ಅಂದೆ. ಕೈಗೆ ಅಭ್ಯಾಸವಿದೆ, ಕಣ್ಣಿದೆ, ಗಡಿಯಾರವಿದೆ, ಒಂದು ದಿನ ಮೂಗಿಲ್ಲದೆ ನಡೆಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಅವರದು ಮೂರನೇ ಮಾಳಿಗೆ, ಹಳೆಯ ಬಿಲ್ಡಿಂಗು, ಲಿಫ್ಟ್ ಇಲ್ಲ. ಪ್ರತಿ ಮಾಳಿಗೆಯಲ್ಲೂ ಚಪ್ಪಲಿ ಸರಿಮಾಡುವ ನೆವದಲ್ಲಿ ನಿಂತೆ. ಅಲ್ಲೇ ಮಿಂದು, ಮಡಿ ಉಟ್ಟು ಒಲೆ ಹಚ್ಚಿದೆ. ಈ ಸಲ ಬಿಸಿನೀರಲ್ಲೇ ಮಿಂದೆ, ಅಷ್ಟು ಬುದ್ಧಿ ಬಂದಿತ್ತು. ವಡೆ, ಎಳ್ಳುಂಡೆ, ಬಾಳೆಕಾಯಿ ಪಲ್ಯ, ಎಲ್ಲ ಸರಿಯಾಗಿಯೇ ಆಯಿತು. ಕೊನೆಗೆ ಹೆಸರುಬೇಳೆ ಪಾಯಸ. ಬೆಲ್ಲ ಹಾಕಿ ತಿರುವುತ್ತಿದ್ದಾಗ ಎದೆ ಬಿಗಿಯಿತು, ಕಣ್ಣು ಕತ್ತಲೆ ಬಂತು. ಉರಿ ಸಣ್ಣ ಮಾಡಿದೆ ಅಂದುಕೊಂಡು ಕಿಟಕಿಯ ಹತ್ತಿರ ಸ್ಟೂಲಿನಲ್ಲಿ ಕೂತೆ. ಮೊದಲಾದರೆ ಪಾಯಸ ತಳ ಹಿಡಿಯುವ ಯೋಚನೆ ಮಾಡಿದರೂ ಸಾಕು, ಪಕ್ಕದ ಕೋಣೆಯಿಂದಲೂ ನನ್ನ ಮೂಗು ನನ್ನನ್ನು ಎಬ್ಬಿಸುತ್ತಿತ್ತು. ಆವತ್ತು ಯಾರೂ ಎಬ್ಬಿಸಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಎದ್ದು ತೆಂಗಿನಹಾಲು ಸೇರಿಸಿ ಇಳಿಸಿದೆ. ಬಣ್ಣ ಸ್ವಲ್ಪ ಗಾಢ ಅನಿಸಿತು. ಬೆಲ್ಲದ ಗುಣ ಅಂದುಕೊಂಡೆ.

ಶ್ರಾದ್ಧದ ಊಟಕ್ಕೆ ಒಂದು ನಿಯಮವಿದೆ. ಎಲೆಯ ಮುಂದೆ ಕೂತ ಬ್ರಾಹ್ಮಣರು ಅಡುಗೆ ಚೆನ್ನಾಗಿದೆ ಅನ್ನುವ ಹಾಗಿಲ್ಲ, ಚೆನ್ನಾಗಿಲ್ಲ ಅನ್ನುವ ಹಾಗೂ ಇಲ್ಲ. ಮಾತಿಲ್ಲದೆ ಉಣ್ಣಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪುರೋಹಿತ ಭಟ್ಟರು ಪಾಯಸ ಅಂದರೆ ಎಲೆ ಬಿಟ್ಟು ಏಳುವವರಲ್ಲ, ಮೂರು ಸಲವಾದರೂ ಹಾಕಿಸಿಕೊಳ್ಳಬೇಕು. ಆವತ್ತು ಎರಡನೇ ಸಲಕ್ಕೆ ಕೈ ಅಡ್ಡ ಹಿಡಿದರು. ಇವರಿಗೂ ಸಕ್ಕರೆ ಬಂತೇನೋ ಪಾಪ ಅಂತ ಕನಿಕರಪಟ್ಟೆ ನಾನು. ಕನಿಕರ!

ಕೊನೆಗೆ ನಾನೂ ಉಂಡೆ. ನಾಲಿಗೆಗೆ ಸಿಹಿ ತಿಳಿಯುತ್ತಿತ್ತು, ಅಷ್ಟೇ. ಯಾರೂ ಏನೂ ಹೇಳಲಿಲ್ಲ, ರಾಯರು ರಿಕ್ಷಾದ ತನಕ ಬಂದು ಕೂರಿಸಿದರು. ನಡೆಯಿತು, ಮೂಗಿಲ್ಲದೆಯೂ ನಡೆಯಿತು ಅಂತ ದಾರಿಯುದ್ದಕ್ಕೂ ಹಿಗ್ಗಿದೆ.

ಬಾಗಿಲು ತೆಗೆದ ಅನು ಒಂದು ಹೆಜ್ಜೆ ಹಿಂದೆ ಸರಿದಳು. "ಅಮ್ಮಾ, ಏನು ಸುಟ್ಟುಹೋಯ್ತು? ನಿನ್ನ ಕೂದಲು ಪೂರಾ ಜಲ್ನೇ ಕಾ ಸ್ಮೆಲ್!"

ನಾನು ಜಡೆಯ ತುದಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಮತ್ತೆ ಹಿಡಿದೆ. ಅನು ನೋಡುತ್ತಲೇ ಇದ್ದಳು.

"ನಿನಗೆ ಸ್ಮೆಲ್ ಬರ್ತಾ ಇಲ್ಲ ಅಲ್ವಾ? ಆ ಖಿಚಡಿ ದಿನದಿಂದ ನನಗೆ ಡೌಟ್ ಇತ್ತು. ಸಚ್ ಹೇಳು ಅಮ್ಮಾ."

ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟೆ. ಭಟ್ಟರ ಅಡ್ಡ ಹಿಡಿದ ಕೈ ಕಣ್ಣ ಮುಂದೆ ಬಂತು. ಮನೆ ತುಂಬಾ ಸೀದ ವಾಸನೆ ಇದ್ದಿರಬೇಕು. ಅಷ್ಟೂ ಜನ ಅದನ್ನು ಮೂಸುತ್ತಾ, ಸೀದ ಪಾಯಸ ನುಂಗುತ್ತಾ ಸುಮ್ಮನಿದ್ದರು, ನಾನು ಮಾತ್ರ ಗೆದ್ದವಳ ಹಾಗೆ ಬಾಗಿಲಲ್ಲಿ ನಿಂತಿದ್ದೆ. ಒಬ್ಬರ ತಾಯಿಯ ತಿಥಿ ಅದು, ವರ್ಷಕ್ಕೊಂದೇ ಸಲ ಬರುವ ಎಲೆ. ನನಗೆ ಅಳು ಬಂತು, ಅತ್ತರೆ ಕೆಮ್ಮು ಬಂತು, ನಮ್ಮವರು ನೀರು ತಂದುಕೊಟ್ಟು ಏನಾಯಿತೆಂದು ಮಗಳನ್ನು ಕೇಳುತ್ತಿದ್ದರು.

ಮರುದಿನ ರಾಯರ ಮನೆಗೆ ಹೋದೆ. ನಿನ್ನೆ ಪಾಯಸ ಸೀದಿತ್ತಾ ಅಂತ ಕೇಳಿದೆ.

"ಅಡುಗೆಮನೆಯಿಂದ ವಾಸನೆ ಬಂದಾಗಲೇ ಗೊತ್ತಾಯ್ತು ಜಲಜಕ್ಕ" ಅಂದರು ರಾಯರು. "ಆದ್ರೆ ತಿಥಿಯ ದಿನ ಅಡುಗೆಯವರ ಮನಸ್ಸು ನೋಯಿಸ್ಬಾರ್ದು ಅಂತ ಅಮ್ಮನೇ ಹೇಳ್ತಿದ್ದದ್ದು. ಮತ್ತೆ ನೀವು ಪಾಪ, ಆಸ್ಪತ್ರೆಯಿಂದ ಬಂದು ಎಷ್ಟು ದಿನ ಆಯ್ತು? ಮೆಟ್ಟಿಲು ಹತ್ತಿ ಬಂದದ್ದೇ ದೊಡ್ಡದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಪಾಪ" ತಡೆದುಕೊಳ್ಳಲಿಕ್ಕೆ ಆಗಲಿಲ್ಲ. ನಾನು ಭಟ್ಟರಿಗೆ ಕೊಟ್ಟ ಪಾಪವೇ ಅದು, ನನಗೇ ವಾಪಸು ಬಂತು.

"ನನ್ನ ಮೂಗು ಹೋಗಿದೆ ರಾಯರೇ" ಅಂದೆ. "ಜ್ವರ ಬಂದಾಗಿನಿಂದ ಎಂಥದೂ ವಾಸನೆ ಇಲ್ಲ. ಗೊತ್ತಿದ್ದೂ ನಿಮ್ಮ ಅಡುಗೆ ಒಪ್ಪಿಕೊಂಡೆ. ಪಿತೃಪಕ್ಷಕ್ಕೆ ಬೇರೆಯವರನ್ನು ಹೇಳಿ."

ಅವರು ಕಾಫಿ ತರಿಸಿದರು. ನಾನು ಗುಟುಕು ಗುಟುಕಾಗಿ ಕುಡಿದೆ, ಬಿಸಿ ನೀರು ಕುಡಿದ ಹಾಗೆ. ಕೊನೆಗೆ, "ಬೇರೆಯವರನ್ನು ಹೇಳ್ಲಿಕ್ಕೆ ಇನ್ನೂ ಸಮಯ ಉಂಟು, ನೋಡುವ" ಅಂದರು.

ದಾರಿ ಹುಡುಕಿದವಳು ಅನು. "ನಿನಗೆ ಕೈ ಇದೆ, ನನಗೆ ಮೂಗು ಇದೆ. ಕಲಿಸು" ಅಂದಳು.

"ನಿನಗೆ ಮಡಿ ಗೊತ್ತಿಲ್ಲ, ಒಳಗೆ ಬರುವ ಹಾಗಿಲ್ಲ."

"ಬಾಗಿಲಲ್ಲಿ ನಿಲ್ತೀನಿ. ವಾಸನೆ ಬಾಹರ್ ಬರುತ್ತೆ ನಾ?"

ನಮ್ಮವರು ಪೇಪರಿನಿಂದ ತಲೆ ಎತ್ತಿ, "ಮೂಸಿದರೆ ಅರ್ಧ ಊಟ ಅಂತಾರೆ ಶಾಸ್ತ್ರದಲ್ಲಿ. ಹಾಗಾದರೆ ಇಷ್ಟು ವರ್ಷ ನೀನು ಅರ್ಧ ಊಟ ಮುಗಿಸಿಯೇ ಪಿತೃಗಳಿಗೆ ಬಡಿಸಿದ್ದು" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕಲಿಸುವುದು ಸುಲಭವಾಗಲಿಲ್ಲ. ಇಲ್ಲದ್ದನ್ನು ನಾನು ಹೇಗೆ ತೋರಿಸಲಿ? ಒಲೆಯ ಮೇಲೆ ಹುಳಿ ಕುದಿಯುತ್ತಿರುತ್ತಿತ್ತು, ನಾನು ಹಸಿ ವಾಸನೆ ಹೋಯಿತಾ ಅಂತ ಕೇಳುತ್ತಿದ್ದೆ, ಅವಳು ಹಸಿ ವಾಸನೆ ಹೇಗಿರುತ್ತದೆ ಅಂತ ನನ್ನನ್ನೇ ಕೇಳುತ್ತಿದ್ದಳು. ಗಂಟಲಿನ ಹಿಂದೆ ತಡೆದ ಹಾಗೆ ಆಗುತ್ತದೆ ಅಂತ ನೆನಪಿನಿಂದ ಹೇಳಿದೆ. ಆಫೀಸಿನಿಂದ ಬಂದು ದಿನಾ ಬಾಗಿಲಿಗೆ ಒರಗಿ ನಿಂತು ಕಣ್ಣು ಮುಚ್ಚಿ ಮೂಸಿದಳು. ಮೊದಮೊದಲು ಎಲ್ಲವೂ ಅವಳಿಗೆ "ಅಚ್ಛಾ ಸ್ಮೆಲ್" ಅಷ್ಟೇ. ಒಂದು ಸಂಜೆ ನಾನು ಕೇಳುವ ಮೊದಲೇ, "ಅಮ್ಮಾ, ಹೋಯ್ತು. ಆ ತಡೆಯೋದು ಹೋಯ್ತು" ಅಂದಳು. ನಮ್ಮವರನ್ನು ಕರೆದು ರುಚಿ ನೋಡಿಸಿದೆ. ಹದವಾಗಿತ್ತು.

ರಾಯರಿಗೆ ಎಲ್ಲ ಹೇಳಿಯೇ ಪಿತೃಪಕ್ಷದಲ್ಲಿ ಅವರ ಮನೆಯ ಮಹಾಲಯಕ್ಕೆ ಹೋದೆವು. ಅನು ಅಡುಗೆಮನೆಯ ಹೊರಗೆ, ಹೊಸ್ತಿಲಿಗೆ ತಾಗದ ಹಾಗೆ ನಿಂತಳು. ನಾನು ಒಳಗಿನಿಂದ ಪ್ರತಿ ಸಲ ಕೂಗಿ ಕೇಳಬೇಕು. "ಅನು, ಹೋಯ್ತಾ? ಅನು, ಬೆಲ್ಲ ಹೇಗಿದೆ?" ಹೊರಗೆ ಸಂಕಲ್ಪಕ್ಕೆ ಕೂತ ಎಲ್ಲರಿಗೂ ಕೇಳಿಸುತ್ತಿತ್ತು. ಜಲಜಕ್ಕನ ಮೂಗು ಹೋದ ಸುದ್ದಿ ಆವತ್ತು ಡಂಗುರ ಸಾರಿದ ಹಾಗೆ ಸಾರಿಹೋಯಿತು, ಸಾರಿದವಳು ನಾನೇ. ಪ್ರತಿ ಸಲ ಕೂಗುವಾಗಲೂ ಮುಖ ಬಿಸಿಯಾಗುತ್ತಿತ್ತು. ಪಾಯಸ ಕುದಿಯುವಾಗ ಅವಳು ಒಮ್ಮೆ, "ಅಮ್ಮಾ, ತಿರುವು, ತಿರುವು!" ಅಂತ ಕಿರುಚಿದಳು. ಉಸಿರು ಕಟ್ಟಿದ್ದರೂ ತಿರುವಿದೆ.

ಭಟ್ಟರು ಎಲೆಯ ಮುಂದೆ ಕೂತರು. ಅವರು ಮಾತಾಡುವ ಹಾಗಿಲ್ಲ, ನಾನು ಕೇಳುವ ಹಾಗಿಲ್ಲ. ಪಾಯಸ ಒಮ್ಮೆ ಬಡಿಸಿಯಾಯಿತು. ಎರಡನೇ ಸಲ ಬಡಿಸಲಿಕ್ಕೆ ಹೋದಾಗ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಪಾಯಸದ ದೊನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಸೌಟಿನ ಕಡೆ ಸರಿಸಿದರು.

ನನ್ನ ಮೂಗು ಇನ್ನೂ ಬಂದಿಲ್ಲ. ಒಮ್ಮೊಮ್ಮೆ ಏನೋ ಸುಳಿದ ಹಾಗಾಗುತ್ತದೆ, ಹಿಡಿಯುವಷ್ಟರಲ್ಲಿ ಇಲ್ಲ. ಕೆಲವು ಮನೆಯವರು ಕರೆಯುವುದನ್ನು ಬಿಟ್ಟಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಲಸಿಕೆ ಹಾಕಿಸಿಕೊಂಡಿದ್ದೇನೆ, ನಮ್ಮವರಿಗೂ ಬೈದು ಹಾಕಿಸಿದ್ದೇನೆ. ಜ್ವರ ಬಂದು ಹೋದ ಮೇಲೆ ನಿಮ್ಮಿಂದಲೂ ಏನಾದರೂ ಹೋಗಿದ್ದರೆ, ಬಲವೋ ಉಸಿರೋ ಮೂಗೋ, ಬೇಗ ಯಾರಿಗಾದರೂ ಹೇಳಿಬಿಡಿ. ನಾನು ತಡಮಾಡಿದೆ, ಒಬ್ಬರ ತಾಯಿಯ ಎಲೆಗೆ ಸೀದ ಪಾಯಸ ಬಿತ್ತು.

ಮಹಾಲಯದ ಆ ಮಧ್ಯಾಹ್ನ ನಾವಿಬ್ಬರೂ ಬಸ್ಸಿನಲ್ಲಿ ಬಂದೆವು. ಸೀಟು ಸಿಕ್ಕಿತ್ತು, ಎದುರಿಗೂ ಜನ, ನಿಂತವರೂ ಇದ್ದರು. ನನಗೆ ಕೇಳದೆ ಇರಲಿಕ್ಕೆ ಆಗಲಿಲ್ಲ.

"ಅನು, ನನ್ನ ಕೂದಲು ಮೂಸಿ ನೋಡು."

"ಇಲ್ಲಿ? ಎಲ್ಲರೂ ನೋಡ್ತಾ ಇದಾರೆ ಅಮ್ಮಾ."

"ನೋಡ್ಲಿ" ಅಂತ ತಲೆ ತಗ್ಗಿಸಿದೆ. ಅವಳು ನನ್ನ ನೆತ್ತಿಗೆ ಮೂಗು ಒತ್ತಿ ದೀರ್ಘವಾಗಿ ಉಸಿರೆಳೆದಳು.

"ಬೆಲ್ಲ" ಅಂದಳು. "ಮತ್ತೆ ಏಲಕ್ಕಿ. ಸುಟ್ಟದ್ದು ಏನೂ ಇಲ್ಲ."